ಸದ್ದು ಮಾಡದ ಬಾಗಿಲು

ಮೈದಾ ಅಂಟು ಕುದಿಯುವ ವಾಸನೆ ಮೂಗಿಗೆ ತಾಗಿದರೆ ದೊಡ್ಡಕ್ಕನಿಗೆ ಈಗಲೂ ಹಸಿವಾಗುತ್ತದೆ. ಅವಳು ಚಿಕ್ಕವಳಿದ್ದಾಗ ಅಪ್ಪ ಅಂಗಡಿಯ ಹಿಂದಿನ ಕೋಣೆಯಲ್ಲಿ ಪುಸ್ತಕ ಕಟ್ಟುವ ಅಂಟನ್ನು ತಾವೇ ಕಾಯಿಸುತ್ತಿದ್ದರು. ಹಿಟ್ಟು ಬೆಂದ ಗಂಜಿಯಂಥ ವಾಸನೆ, ಅದರ ಜೊತೆಗೆ ಒದ್ದೆ ರಟ್ಟಿನದು, ಮೇಲೆ ಹುಳ ಹಿಡಿಯದಿರಲೆಂದು ಹಾಕುವ ಮೈಲುತುತ್ತದ ಒಗರು. ಒಂದು ದಿನ ಅವಳ ತಮ್ಮ ಅಂಟಿನ ಪಾತ್ರೆಗೆ ಬೆರಳದ್ದಿ ನೆಕ್ಕಲು ಹೋದ. ಅಪ್ಪ ಕೈ ತಟ್ಟಿದರೇ ಹೊರತು ಬೈಯಲಿಲ್ಲ. ಮಾರನೆಯ ದಿನದಿಂದ, ಮೈಲುತುತ್ತ ಹಾಕುವ ಮೊದಲೇ ಎರಡು ಸೌಟು ಬೇರೆ ತೆಗೆದು, ಸಕ್ಕರೆ ಕಲಸಿ, ಎರಡು ಬಟ್ಟಲಲ್ಲಿ ಬೆಂಚಿನ ತುದಿಗೆ ಇಡುವುದು ರೂಢಿಯಾಯಿತು. ಅದರ ಬಗ್ಗೆ ಯಾರೂ ಯಾವತ್ತೂ ಮಾತಾಡಲಿಲ್ಲ. ಬಟ್ಟಲು ಇರುತ್ತಿತ್ತು, ಅಷ್ಟೇ.

ಆ ಅಂಗಡಿ ಈಗ ಬಾಡಿಗೆ ಲೈಬ್ರರಿ. ಮುಂದಿನ ಕೋಣೆಯಲ್ಲಿ ದೊಡ್ಡಕ್ಕ ಪುಸ್ತಕ ಕೊಡುತ್ತಾಳೆ, ತೆಗೆದುಕೊಳ್ಳುತ್ತಾಳೆ. ಹಿಂದಿನ ಕೋಣೆಯಲ್ಲಿ, ಅಪ್ಪನ ಅದೇ ಬೆಂಚಿನ ಮೇಲೆ, ತಮ್ಮ ಹೊಲಿಯುತ್ತಾನೆ. ತಮ್ಮ ಎಂದರೆ ಅವನೇನು ಹುಡುಗನಲ್ಲ, ಮೊಮ್ಮಕ್ಕಳನ್ನು ಕಂಡವನು. ಆದರೂ ದೊಡ್ಡಕ್ಕನ ಬಾಯಲ್ಲಿ ಅವನು ಇವತ್ತಿಗೂ 'ಮರಿ'.

ಈ ಲೈಬ್ರರಿಗೆ ಒಂದು ಪದ್ಧತಿಯಿದೆ. ಪುಸ್ತಕ ಪ್ರೀತಿಸುವ ಹೊರಗಿನವರು ಕೇಳಿದರೆ ಹೌಹಾರುತ್ತಾರೆ. ದಪ್ಪ ಕಾದಂಬರಿ ಬಂತೆಂದರೆ ತಮ್ಮ ಅದರ ಬೆನ್ನು ಬಿಚ್ಚಿ ಮೂರು ಭಾಗ ಮಾಡಿ, ಒಂದೊಂದಕ್ಕೂ ಬೇರೆ ರಟ್ಟು ಕಟ್ಟುತ್ತಾನೆ. ಕೊಳ್ಳುವುದು ಒಂದೇ ಪ್ರತಿ, ಓದುವವರು ಬಹಳ. ಒಬ್ಬರು ಮೂರನೆಯ ಭಾಗದಲ್ಲಿದ್ದಾಗ ಇನ್ನೊಬ್ಬರು ಎರಡರಲ್ಲಿ, ಮತ್ತೊಬ್ಬರು ಒಂದರಲ್ಲಿ. ಬೇಗ ಓದುವವರು ನಿಧಾನ ಓದುವವರ ಬೆನ್ನು ಹತ್ತುತ್ತಾರೆ, ಸರದಿ ಸಾಗುತ್ತದೆ. ಪ್ರತಿ ಭಾಗದ ಮೊದಲ ಮತ್ತು ಕೊನೆಯ ಫಾರಂ, ಎಂದರೆ ಹದಿನಾರು ಪುಟಗಳ ಮಡಿಕೆ, ಬೇಗ ಹರಿಯುತ್ತದೆ. ಹಾಗಾಗಿ ಅವನು ಅವುಗಳ ಮಡಿಕೆಗೆ ಒಂದು ಬಟ್ಟೆಪಟ್ಟಿ ಅಂಟಿಸಿ, ಹಲಗೆಯ ಕೆಳಗೆ ಭಾರ ಹೇರಿ ಒಣಗಿಸಿ, ಆಮೇಲೆ ಉಳಿದವುಗಳ ಜೊತೆ ಸೇರಿಸಿ ಹೊಲಿಯುತ್ತಾನೆ. ಇದನ್ನು ಯಾವ ಪ್ರೆಸ್ಸಿನವರೂ ಮಾಡುವುದಿಲ್ಲ. ಅಪ್ಪ ಕಲಿಸಿದ್ದು.

ಅಪ್ಪ ಇನ್ನೊಂದನ್ನೂ ಕಲಿಸಿ ಹೋಗಿದ್ದರು, ಅದು ಒಳ್ಳೆಯದಲ್ಲ. ಕಣ್ಣು ಮಂಜಾದ ಕಾಲಕ್ಕೆ ಒಮ್ಮೆ ಅವರು ಒಂದು ಫಾರಂ ತಲೆಕೆಳಗಾಗಿ ಹೊಲಿದುಬಿಟ್ಟರು. ಗಿರಾಕಿ ನಕ್ಕ. ಅಪ್ಪ ಸೂಜಿಯನ್ನು ಬಟ್ಟೆಯ ಉಂಡೆಗೆ ಚುಚ್ಚಿಟ್ಟು ಎದ್ದವರು ಮತ್ತೆ ಮುಟ್ಟಲಿಲ್ಲ. ಗೋಡೆ ನೋಡುತ್ತ ಕೂತರು, ಗೋಡೆ ನೋಡುತ್ತಲೇ ಹೋದರು. ತಮ್ಮ ಆಗಾಗ ಹೇಳುವುದಿತ್ತು: "ಒಂದು ಫಾರಂ ತಪ್ಪಿದ ದಿನ ನಂದೂ ಮುಗೀತು ಅಕ್ಕ. ಅಪ್ಪನ ಹಾಗೇ ಸೂಜಿ ಕೆಳಗಿಡ್ತೀನಿ." ಅವನು ತಮಾಷೆಗೆ ಹೇಳುತ್ತಿದ್ದನೆಂದು ದೊಡ್ಡಕ್ಕ ಮೊದಮೊದಲು ಅಂದುಕೊಂಡಿದ್ದಳು. ಈಚೆಗೆ ಸೂಜಿ ಪೋಣಿಸುವಾಗ ಅವನು ಯಾರಿಗೂ ಕಾಣದಂತೆ ಕಿಟಕಿಗೆ ಬೆನ್ನು ಮಾಡಿ ಕೂರುವುದನ್ನೂ, ದಾರದ ತುದಿಯನ್ನು ಮತ್ತೆ ಮತ್ತೆ ನಾಲಿಗೆಗೆ ಒತ್ತುವುದನ್ನೂ ನೋಡಿದ ಮೇಲೆ ಆ ಮಾತು ಅವಳಿಗೆ ತಮಾಷೆಯಾಗಿ ಕೇಳಿಸುತ್ತಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಲೈಬ್ರರಿಗೆ ಕಾದಂಬರಿಕಾರರು ಬರುವವರಿದ್ದರು. 'ತೇಲೂರು' ಎಂಬ ಆರು ಪುಸ್ತಕಗಳ ಮಾಲೆ ಬರೆದವರು. ಊರಿನಷ್ಟು ದೊಡ್ಡ ಆಕಾಶದ ಹಡಗೊಂದು ಒಂದು ನಕ್ಷತ್ರದಿಂದ ಹೊರಟು ಇನ್ನೊಂದಕ್ಕೆ ಹೋಗುತ್ತದೆ. ಹೊರಟವರು ಯಾರೂ ತಲುಪುವುದಿಲ್ಲ. ಅವರ ಮಕ್ಕಳ ಮಕ್ಕಳ ಮಕ್ಕಳು ತಲುಪಬೇಕು. ಆ ಹಡಗಿನಲ್ಲಿ ಹೊರಗಿನ ನೆಲಕ್ಕೆ ತೆರೆಯುವ ಬಾಗಿಲು ಒಂದೇ. ತಲುಪುವವರೆಗೆ ಅದನ್ನು ತೆರೆಯುವಂತಿಲ್ಲ. ಆದರೂ ಒಂದು ಮನೆತನದವರು ತಲೆತಲಾಂತರದಿಂದ ಅದರ ತಿರುಗಣಿಗೆ ಎಣ್ಣೆ ಹಾಕುತ್ತ ಬಂದಿದ್ದಾರೆ. ಮುಚ್ಚಿದ ಬಾಗಿಲಿಗೆ ಎಣ್ಣೆ ಯಾಕೆಂದು ಊರೆಲ್ಲ ಅವರನ್ನು ಗೇಲಿ ಮಾಡುತ್ತದೆ. ಆರನೆಯ ಪುಸ್ತಕದಲ್ಲಿ ಹಡಗು ತಲುಪುತ್ತದೆ. ಆ ಮನೆತನದ ಕೊನೆಯವಳು, ಎಲ್ಲರೂ 'ಎಣ್ಣೆಯವಳು' ಎಂದೇ ಕರೆಯುವ ಹೆಂಗಸು, ಅಗುಳಿಯ ಮೇಲೆ ಕೈಯಿಟ್ಟು ನೂಕುತ್ತಾಳೆ.

ಪುಸ್ತಕ ಮುಗಿಯುವುದು ಹೀಗೆ: 'ಬಾಗಿಲು ಸದ್ದು ಮಾಡಲಿಲ್ಲ.'

ಆ ಸಾಲು ಓದಿ ದೊಡ್ಡಕ್ಕ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದಳು. ಅವಳೊಬ್ಬಳೇ ಅಲ್ಲ, ಸರದಿಯಲ್ಲಿದ್ದ ಎಲ್ಲರೂ ಹಾಗೆಯೇ ಕೂತಿದ್ದರು. ಮೂರನೆಯ ಭಾಗ ಹಿಂತಿರುಗಿಸಲು ಬಂದವರು ತಕ್ಷಣ ಹೊರಡುತ್ತಿರಲಿಲ್ಲ. ಕಪಾಟಿನ ಮುಂದೆ ನಿಂತು ಏನೋ ಹುಡುಕುವವರಂತೆ ನಟಿಸಿ, ಕೊನೆಗೆ ಬಾಯಿಬಿಡುತ್ತಿದ್ದರು. ಅದನ್ನೆಲ್ಲ ಅವರೆದುರಿಗೇ ಹೇಳಿದರೆ ಹೇಗೆ ಎಂದು ದೊಡ್ಡಕ್ಕನೇ ಕಾದಂಬರಿಕಾರರಿಗೆ ಪತ್ರ ಬರೆದು ಕರೆಸಿದ್ದಳು.

ಇನ್ನೊಂದು ಕಟ್ಟಳೆಯೂ ಇತ್ತು. ಸರದಿ ಮುಗಿಯುವವರೆಗೆ ಲೈಬ್ರರಿಯ ಪತ್ರಿಕೆಗಳಲ್ಲಿ ಬಂದ ವಿಮರ್ಶೆಗಳನ್ನು ಅವಳು ಕತ್ತರಿಸಿ, ತಾನೂ ಓದದೆ, ಮಡಿಚಿಡುತ್ತಿದ್ದಳು. ಕಥೆಯ ಕೊನೆ ಯಾರ ಬಾಯಿಂದಲೂ ಜಾರಬಾರದು. ಸರದಿಯಲ್ಲಿ ಕೊನೆಯವರಾದ ಲೆಕ್ಕದ ಮೇಷ್ಟ್ರು ಹಿಂದಿನ ದಿನವಷ್ಟೇ ಪುಸ್ತಕ ತಂದುಕೊಟ್ಟಿದ್ದರಿಂದ, ಅತಿಥಿಗೆ ತೋರಿಸಲು ಆ ಚೂರುಗಳನ್ನು ಬಿಡಿಸಿ ಮೇಜಿನ ಮೇಲೆ ಹರಡಿದಳು.

ಮೊದಲನೆಯದರಲ್ಲಿ ಹೀಗಿತ್ತು: 'ನೀಲಿ ಹುಲ್ಲಿನ ಬೆಟ್ಟ ಹತ್ತುವಾಗ ಕಥೆ ಕಾಲೆಳೆಯುತ್ತದೆ.' ಎರಡನೆಯದರಲ್ಲಿ: 'ಬಾಗಿಲಲ್ಲೇ ನಿಲ್ಲಿಸಬಹುದಿತ್ತು. ಮೂಗಿಗಿಂತ ಮೂಗುತಿ ಭಾರವಾಗಿದೆ.'

ದೊಡ್ಡಕ್ಕ ಕನ್ನಡಕ ಒರೆಸಿ ಮತ್ತೆ ಓದಿದಳು. ಯಾವ ಹುಲ್ಲು? ಯಾವ ಬೆಟ್ಟ?

ಎದುರಿನ ಅಂಗಡಿಯಿಂದ ಕುರ್ಚಿ ತರಲು ತಮ್ಮ ಹೋಗಿದ್ದ. ಅವಳು ಹಿಂದಿನ ಕೋಣೆಗೆ ಹೋಗಿ ಬೆಂಚಿನ ಬಲಬದಿಯ ಹಲಗೆಗಳನ್ನು ಒಂದೊಂದಾಗಿ ಎತ್ತಿದಳು. ಎಲ್ಲಕ್ಕೂ ಕೆಳಗಿನ ಹಲಗೆಯಡಿ ಅದು ಇತ್ತು. ಬೆನ್ನಿಗೆ ಬಟ್ಟೆಪಟ್ಟಿ ಅಂಟಿಸಿ ಒಣಗಲು ಇಟ್ಟ ಒಂದು ಫಾರಂ, ಇಸ್ತ್ರಿ ಮಾಡಿದಂತೆ ಮಟ್ಟಸವಾಗಿ, ಯಾರ ಕೈಯೂ ತಾಗದೆ. ಮೊದಲ ಸಾಲೇ ಹೇಳುತ್ತಿತ್ತು: 'ಹೊರಗೆ ಬೆಳಕು ಇಷ್ಟೊಂದು ಇರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.'

ಹೇಗಾಯಿತೆಂದು ಕೇಳುವ ಅಗತ್ಯವೇ ಇರಲಿಲ್ಲ. ಒಣಗಲು ಇಟ್ಟಿದ್ದಾನೆ, ಎತ್ತಿ ಸೇರಿಸಲು ಮರೆತಿದ್ದಾನೆ. ಉಳಿದದ್ದು ಸರಿಯಾಗಿ ಪುಟದ ಕೊನೆಯಲ್ಲಿ, ಪೂರ್ಣವಿರಾಮಕ್ಕೆ ನಿಂತಿದೆ. ಅದರ ಮುಂದೆ ಅವನೇ ಅಂಟಿಸಿದ ಬಿಳಿ ಹಾಳೆ. ಯಾರಿಗೆ ತಾನೇ ಅನುಮಾನ ಬರಬೇಕು? ಮೊದಲಾಗಿದ್ದರೆ ಹೊಲಿದು ಮುಗಿಸಿ ಪುಟದ ಅಂಕಿಗಳ ಮೇಲೆ ಒಮ್ಮೆ ಕಣ್ಣಾಡಿಸುತ್ತಿದ್ದ. ಈಗ ಆ ಸಣ್ಣ ಅಂಕಿಗಳು ಅವನಿಗೆ ಕಾಣುತ್ತಿಲ್ಲ.

ಹೊರಗೆ ಕುರ್ಚಿಗಳ ಸದ್ದು ಕೇಳಿತು. ದೊಡ್ಡಕ್ಕ ಫಾರಂ ಅನ್ನು ತಂದು ಮೇಜಿನ ಡ್ರಾಯರಿಗೆ ಹಾಕಿದಳು, ವಿಮರ್ಶೆಗಳನ್ನೂ ಅದರ ಮೇಲೆಯೇ ತುರುಕಿದಳು. ಇವತ್ತೊಂದು ದಿನ ಕಳೆಯಲಿ. ಅತಿಥಿ ಬಂದು ಹೋಗಲಿ. ಆಮೇಲೆ ತಾನೇ ಗುಟ್ಟಾಗಿ ಬೇರೆ ಯಾರಿಂದಲಾದರೂ ಹೊಲಿಸಿದರಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಯಾಕಕ್ಕ, ಮುಖ ಒಂಥರಾ ಇದೆ?" ಎಂದ ತಮ್ಮ, ಎರಡು ಕೈಯಲ್ಲೂ ಕುರ್ಚಿ ಹಿಡಿದು.

"ನೀನು ಕುರ್ಚಿ ಹೊತ್ಕೊಂಡು ಬಂದ್ಯಲ್ಲ, ಅದಕ್ಕೆ. ಸೊಂಟ ಹಿಡ್ಕೊಂಡ್ರೆ ಎಣ್ಣೆ ಹಚ್ಚೋಳು ನಾನೇ ತಾನೆ?"

"ಎಣ್ಣೆಯವಳು ಅಂತ ಹೆಸರಾದ್ರೂ ಬರುತ್ತೆ ಬಿಡು," ಎಂದು ನಕ್ಕು ಅವನು ಹಿಂದಿನ ಕೋಣೆಗೆ ಹೋದ. ಸಭೆ ಎಂದರೆ ಅವನಿಗೆ ಅಷ್ಟಕ್ಕಷ್ಟೆ. ಬಾಗಿಲ ಪರದೆಯ ಹಿಂದಿನಿಂದ ಕೇಳಿಸಿಕೊಳ್ಳುತ್ತಾನೆ.

ಮೊದಲು ಬಂದವರು ಮೇಷ್ಟ್ರು, ಬಗಲಲ್ಲಿ ಊಟದ ಡಬ್ಬಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಲೈಬ್ರರಿಯಲ್ಲೇ ಓದುವ ಅವರಿಗೆ ಸೊಸೆ ದಿನವೂ ಡಬ್ಬಿ ಕಟ್ಟಿಕೊಡುತ್ತಾಳೆ. ಸರಿಯಾಗಿ ಊಟದ ಹೊತ್ತಿಗೆ ಅದನ್ನು ಬಿಚ್ಚಿ, ಗೋಡೆಗೆ ಮುಖ ಮಾಡಿ ಉಣ್ಣುತ್ತಾರೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಯಾರಿಗೂ 'ಬನ್ನಿ, ಒಂದು ತುತ್ತು' ಅಂದವರಲ್ಲ. ಮೇಷ್ಟ್ರ ಡಬ್ಬಿಯ ಹತ್ತಿರ ಇರುವೆಯೂ ಅಪ್ಪಣೆ ಕೇಳಿ ಹೋಗುತ್ತದೆ ಎನ್ನುವುದು ತಮ್ಮನ ಮಾತು. ತಮ್ಮ ಕಟ್ಟಿದ ಪುಸ್ತಕ ಕೈಗೆ ಬಂದರೆ ಅವರು ಮೊದಲು ಹೊಲಿಗೆಯನ್ನು ಪರೀಕ್ಷಿಸಿ, "ದಾರ ಸ್ವಲ್ಪ ಸಡಿಲ," ಅನ್ನುತ್ತಾರೆ. "ಮೇಷ್ಟ್ರೇ, ಸಡಿಲ ಇರೋದು ನಿಮ್ಮ ಹಲ್ಲು," ಎಂದು ತಮ್ಮ ಒಳಗಿನಿಂದ ಉತ್ತರ ಕೊಡುತ್ತಾನೆ. ವರ್ಷಗಳಿಂದ ನಡೆದು ಬಂದ ಸಂಭಾಷಣೆ.

ಆಮೇಲೆ ಹಲ್ಲಿನ ಡಾಕ್ಟರಮ್ಮ ಬಂದರು. ಅವರ ಹಿಂದೆಯೇ ಬಸ್ ಕಂಡಕ್ಟರ್, ರಜೆಯ ದಿನವಾದರೂ ಹೆಗಲ ಮೇಲೆ ಖಾಲಿ ಚೀಲ. ಇನ್ನೂ ನಾಲ್ಕಾರು ಓದುಗರು ಬಂದು ಕೂತರು. ಕೊನೆಗೆ ಬಾಗಿಲು ಕಿರ್ರೆಂದು ಕಾದಂಬರಿಕಾರರು ಒಳಗೆ ಬಂದರು. ಸಣಕಲು ಮೈ, ಗೂನುಬೆನ್ನು, ಉಗುರಿನ ಅಂಚಲ್ಲಿ ಎಂದೂ ಹೋಗದ ಕಪ್ಪು. ಆಯುಷ್ಯವೆಲ್ಲ ಲಿಫ್ಟ್ ರಿಪೇರಿ ಮಾಡಿದವರು. ಅವರು ಓದುಗರ ಕಡೆ ನೋಡುವ ಮೊದಲು ಬಾಗಿಲ ಕಡೆಗೇ ತಿರುಗಿ, ಅದನ್ನು ಒಮ್ಮೆ ಹಿಂದಕ್ಕೆ ಒಮ್ಮೆ ಮುಂದಕ್ಕೆ ಆಡಿಸಿದರು. ಅದು ಎರಡು ಸಲವೂ ಕಿರುಚಿತು.

"ಆರು ಪುಸ್ತಕ ಓದಿದ್ರೂ ನಮಗೆ ಬುದ್ಧಿ ಬಂದಿಲ್ಲ, ಸ್ವಾಮಿ," ಎಂದ ಕಂಡಕ್ಟರ್. ಎಲ್ಲರೂ ನಕ್ಕರು.

ಕಾದಂಬರಿಕಾರರು ಮಾತ್ರ ಪೂರ್ತಿ ನಗಲಿಲ್ಲ. ಕುರ್ಚಿಯ ತುದಿಯಲ್ಲಿ, ಎದ್ದು ಹೋಗಲು ಸಿದ್ಧರಾದವರಂತೆ ಕೂತರು. "ಬೈಯೋದಿದ್ರೆ ಮೊದಲೇ ಬೈದುಬಿಡಿ. ಅಭ್ಯಾಸ ಆಗಿದೆ," ಎಂದರು. "ಕೊನೇ ಪುಸ್ತಕದ ಕೊನೆ ಯಾರಿಗೂ ಹಿಡಿಸಿಲ್ಲ. ಬರೋ ಕಾಗದದಲ್ಲೆಲ್ಲ ಅದೇ. ಐದು ಚೆನ್ನಾಗಿ ಕಟ್ಟಿ ಆರನೇದರಲ್ಲಿ ಕೈಬಿಟ್ರಿ ಅಂತ."

ಓದುಗರು ಮುಖ ಮುಖ ನೋಡಿಕೊಂಡರು. "ಯಾರು ಹೇಳಿದ್ದು ಹಾಗೆ?" ಎಂದರು ಡಾಕ್ಟರಮ್ಮ, ಯಾರೋ ತಮ್ಮ ಮಗುವಿಗೆ ಬೈದಂತೆ. "ನಾನು ಆ ಕೊನೇ ಪುಟ ಓದಿದ್ದು ಕ್ಲಿನಿಕ್ಕಲ್ಲಿ. ಒಬ್ಬರಿಗೆ ಇಂಜೆಕ್ಷನ್ ಕೊಟ್ಟು, ಮರಗಟ್ಟೋವರೆಗೆ ಎರಡು ಪುಟ ಓದೋಣ ಅಂತ ತೆಗೆದೆ. ಕೊನೇ ಸಾಲು ಮುಗಿಸಿ ಸುಮ್ಮನೆ ಕೂತುಬಿಟ್ಟಿದ್ದೀನಿ. ಪಾಪ, ಅವರು ಬಾಯಿ ತೆರ್ಕೊಂಡೇ ಇದ್ದರು. ಆಮೇಲೆ ಅವರೇ ಮೆಲ್ಲಗೆ ಕೇಳಿದರು, 'ಡಾಕ್ಟ್ರೇ, ಮುಚ್ಚಲಾ?' ಅಂತ."

ಕಂಡಕ್ಟರ್ ಕೈಯೆತ್ತಿದ, ಶಾಲೆಯಲ್ಲಿ ಎತ್ತುವಂತೆ. "ನಾನು ಓದಿದೋನಲ್ಲ, ತಪ್ಪಾದ್ರೆ ಹೇಳಿ. ದಿನವಿಡೀ ನಾನು ಮಾಡೋದೇ ಬಾಗಿಲು ತೆಗೆಯೋದು, ಮುಚ್ಚೋದು. ಒಂದು ಸಲಾನೂ ಅದರ ಬಗ್ಗೆ ಯೋಚನೆ ಮಾಡಿರ್ಲಿಲ್ಲ. ಪುಸ್ತಕ ಮುಗಿಸಿದ ಮಾರನೇ ದಿನ ಕೊನೇ ಸ್ಟಾಪಲ್ಲಿ ಒಬ್ರು ಅಜ್ಜಿ ಇಳೀತಿದ್ರು. ಯಾವತ್ತೂ 'ಬೇಗ ಬೇಗ' ಅನ್ನೋನು ನಾನು. ಅವತ್ತು ಬಾಗಿಲು ಹಿಡ್ಕೊಂಡು ನಿಂತೆ. ಅಷ್ಟೇ. ಏನೋ ಆ ಎಣ್ಣೆಯವಳು ನೋಡ್ತಿದ್ದಾಳೆ ಅನ್ನಿಸ್ತು."

ಕಾದಂಬರಿಕಾರರು ಕುರ್ಚಿಯಲ್ಲಿ ತುಸು ಹಿಂದಕ್ಕೆ ಸರಿದು ಕೂತರು. ಎಲ್ಲರೂ ಈಗ ಮೇಷ್ಟ್ರ ಕಡೆ ನೋಡಿದರು. ಎರಡನೆಯ ಪುಸ್ತಕದಲ್ಲಿ ಹಡಗಿನ ವೇಗದ ಲೆಕ್ಕ ತಪ್ಪಿದೆಯೆಂದು ಕಾದಂಬರಿಕಾರರಿಗೆ ಕಾಗದ ಬರೆದಿದ್ದ ಮನುಷ್ಯ ಅವರು. ಗಂಟಲು ಸರಿಮಾಡಿಕೊಂಡರು.

"ಮಾರ್ಕ್ಸ್ ಕೊಡೋದರಲ್ಲಿ ನಾನು ಜಿಪುಣ, ಊರಿಗೇ ಗೊತ್ತು. ಅಷ್ಟು ತಲೆಮಾರು ಎಣ್ಣೆ ಹಾಕಿದ್ರು, ಎಲ್ಲರ ಹತ್ರ ನಗಿಸಿಕೊಂಡ್ರು. ಕೊನೆಗೆ ಅವರಿಗೆ ಸಿಕ್ಕಿದ್ದು ಏನು? ಹಾರ ಇಲ್ಲ, ಚಪ್ಪಾಳೆ ಇಲ್ಲ. ಬಾಗಿಲು ಸದ್ದು ಮಾಡ್ಲಿಲ್ಲ, ಅಷ್ಟೇ. ಸರಿಯಾಗಿ ಆದ ಕೆಲಸ ಕೇಳ್ಸೋದಿಲ್ಲ ಸ್ವಾಮಿ, ಕೆಟ್ಟದ್ದು ಮಾತ್ರ ಕಿರುಚುತ್ತೆ. ಅದನ್ನ ಹೇಳೋಕೆ ಆರು ಪುಸ್ತಕ ಕಾದು, ಒಂದು ಸಾಲಲ್ಲಿ ಹೇಳಿ, ಎದ್ದು ಹೋದ್ರಿ. ಆ ಎದ್ದು ಹೋಗಿದ್ದಕ್ಕೇ ಪೂರ್ತಿ ಮಾರ್ಕ್ಸ್."

ಮೇಷ್ಟ್ರ ಬಾಯಲ್ಲಿ ಇಂಥ ಮಾತು ಬಂದದ್ದು ಕೇಳಿ ಒಳಗೆ ತಮ್ಮ ಕೆಮ್ಮಿದ. ದೊಡ್ಡಕ್ಕನ ಕೈ ತಾನಾಗಿಯೇ ಡ್ರಾಯರಿನ ಹಿಡಿಯ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಕಾದಂಬರಿಕಾರರ ಮುಖದಲ್ಲಿ ಸಂತೋಷ ಬಂದಿತ್ತು, ಜೊತೆಗೆ ಗೊಂದಲವೂ. "ಎದ್ದು ಹೋದೆನಾ?" ಎಂದರು. "ನೀವು ತುಂಬ ಒಳ್ಳೆಯವರು. ಆದರೆ ಬೆಟ್ಟದ ಬಗ್ಗೆ ಒಬ್ಬರೂ ಮಾತಾಡಲಿಲ್ಲ."

"ಯಾವ ಬೆಟ್ಟ?" ಎಂದ ಕಂಡಕ್ಟರ್.

"ನೀಲಿ ಹುಲ್ಲಿನದು. ಅವಳು ಹೊರಗೆ ಹೋಗ್ತಾಳಲ್ಲ, ಬಾಗಿಲು ತೆಗೆದ ಮೇಲೆ."

"ಬಾಗಿಲು ತೆಗೆದ ಮೇಲೆ ಬಿಳಿ ಹಾಳೆ ತಾನೆ ಇರೋದು?" ಎಂದರು ಡಾಕ್ಟರಮ್ಮ.

ಪರದೆಯ ಹಿಂದೆ ರಟ್ಟು ಕೊಯ್ಯುತ್ತಿದ್ದ ಸದ್ದು ನಿಂತಿತು. ದೊಡ್ಡಕ್ಕ ಎದ್ದು ನಿಂತಳು. ಇನ್ನು ಮುಚ್ಚಿಡುವುದು ಬೆಂಕಿಯನ್ನು ಹತ್ತಿಯಲ್ಲಿ ಸುತ್ತಿಟ್ಟ ಹಾಗೆ. ಡ್ರಾಯರ್ ಎಳೆದು ಫಾರಂ ತೆಗೆದಳು.

"ತಪ್ಪು ನಂದು," ಎಂದಳು. "ಪುಸ್ತಕ ಕಟ್ಟೋ ದಿನ ಬೆಂಚು ಒರೆಸೋಕೆ ಹೋಗಿ ನಾನೇ ಇದನ್ನ ಎತ್ತಿಟ್ಟೆ. ಎಲ್ಲಿಟ್ಟೆ ಅಂತ ಮರೆತೆ. ನನಗೆ ವಯಸ್ಸಾಯ್ತು, ಕ್ಷಮಿಸಿ."

ಸುಳ್ಳು ಹೇಳಿ ರೂಢಿಯಿಲ್ಲದ ಅವಳ ಧ್ವನಿ ಕೊನೆಯಲ್ಲಿ ಒಡೆಯಿತು. ಪರದೆ ಸರಿಯಿತು. ತಮ್ಮ ಬಂದು ಅವಳ ಕೈಯಿಂದ ಫಾರಂ ತೆಗೆದುಕೊಂಡ. ಅದನ್ನು ಕಣ್ಣಿನ ಹತ್ತಿರ ಹಿಡಿಯಲಿಲ್ಲ. ಹೆಬ್ಬೆರಳಿಂದ ಬೆನ್ನಿನ ಬಟ್ಟೆಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಸವರಿದ.

"ಬೆಂಚು ಒರೆಸೋಳು ಪಟ್ಟಿ ಅಂಟಿಸ್ತಾಳಾ ಅಕ್ಕ?" ಎಂದ. ಕೋಪವಿರಲಿಲ್ಲ. "ಇದು ನನ್ನ ಕೈ. ಒಣಗೋಕೆ ಇಟ್ಟೋನು ನಾನು, ಸೇರಿಸದೆ ಹೊಲಿದೋನೂ ನಾನು." ಆಮೇಲೆ ಕಾದಂಬರಿಕಾರರ ಕಡೆ ತಿರುಗಿ ಕೈ ಮುಗಿದ. "ನಿಮ್ಮ ಕಥೆಯ ಬಾಲ ಕತ್ತರಿಸಿಬಿಟ್ಟೆ ಸ್ವಾಮಿ. ಕಣ್ಣು ಸರಿಯಿಲ್ಲ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ."

ಅವನು ಒಳಗೆ ಹೋದ. ಸರಿದ ಪರದೆಯಿಂದ ದೊಡ್ಡಕ್ಕನಿಗೆ ಕಾಣಿಸುತ್ತಿತ್ತು: ಬೆಂಚಿನ ಮುಂದೆ ನಿಂತು, ಅಂಗಿಗೆ ಸಿಕ್ಕಿಸಿಕೊಂಡಿದ್ದ ಸೂಜಿಯನ್ನು ತೆಗೆದು, ಅಪ್ಪನ ಕಾಲದ ಬಟ್ಟೆಯ ಉಂಡೆಗೆ ಬುಡದವರೆಗೆ ಚುಚ್ಚಿದ. ಆಮೇಲೆ ಗೋಡೆಯ ಕಡೆಗಿರುವ ಸ್ಟೂಲಿನ ಮೇಲೆ ಕೂತ. ಅಪ್ಪ ಕೊನೆಯವರೆಗೂ ಕೂತಿದ್ದ ಅದೇ ಸ್ಟೂಲು.

ಅಷ್ಟರಲ್ಲಿ ವಿಚಿತ್ರವಾದ ಸದ್ದು ಕೇಳಿ ಎಲ್ಲರೂ ತಿರುಗಿ ನೋಡಿದರೆ, ಕಾದಂಬರಿಕಾರರು ನಗುತ್ತಿದ್ದರು. ಹೆಗಲು ಕುಣಿಯುವಂತೆ, ಬಹಳ ದಿನದ ಮೇಲೆ ನಗುವವರಂತೆ.

"ಲಿಫ್ಟು ಎರಡು ಮಹಡಿ ಮಧ್ಯ ನಿಂತ್ರೆ," ಎಂದರು ಕಣ್ಣೊರೆಸಿಕೊಂಡು, ಒಳಗಿನ ಕೋಣೆಗೂ ಕೇಳಿಸುವಂತೆ, "ನಾವು ಮೊದಲು ಮಷೀನ್ ನೋಡಲ್ಲ. ಒಳಗಿರೋರನ್ನ ಕೇಳ್ತೀವಿ, ಭಯ ಆಯ್ತಾ ಅಂತ. ಇಲ್ಲಿ ಇಷ್ಟು ಜನ ಮಧ್ಯದಲ್ಲೇ ನಿಂತಿದ್ರು. ಒಬ್ಬರಿಗೂ ಭಯ ಆಗಿಲ್ಲ. ನೋಟ ಚೆನ್ನಾಗಿತ್ತು ಅಂತಿದ್ದಾರೆ." ಆಮೇಲೆ ಮೆಲ್ಲಗೆ ಕೇಳಿದರು, "ಅದನ್ನ ಯಾರಾದರೂ ಓದ್ತೀರಾ? ನಿಮ್ಮಂಥೋರ ಬಾಯಲ್ಲಿ ಹೇಗೆ ಕೇಳ್ಸುತ್ತೆ ನೋಡೋಣ."

ಡಾಕ್ಟರಮ್ಮ ಒಳಗೆ ಹೋಗಿ ತಮ್ಮನ ಮಡಿಲಲ್ಲಿದ್ದ ಫಾರಂ ಕೇಳಿ ತಂದರು. ಪರದೆಯನ್ನು ಮತ್ತೆ ಎಳೆಯದೆ ಹಾಗೇ ಬಿಟ್ಟು ಬಂದರು, ಅವನಿಗೆ ಕೇಳಿಸಲಿ ಎಂದು. ದೊಡ್ಡಕ್ಕ ಅದನ್ನು ಗಮನಿಸಿದಳು.

ಓದು ಶುರುವಾಯಿತು. ಬೆಳಕು, ಗಾಳಿ, ನೀಲಿ ಹುಲ್ಲಿನ ಬೆಟ್ಟ. ಬೆಟ್ಟ ನಿಜಕ್ಕೂ ಸ್ವಲ್ಪ ಉದ್ದವಾಗಿಯೇ ಇತ್ತು. ಕಂಡಕ್ಟರ್ ಒಮ್ಮೆ ಕಾಲು ಬದಲಿಸಿ ಕೂತ. ಎಣ್ಣೆಯವಳ ಮುದಿ ತಾಯಿಯನ್ನು ನಾಲ್ಕು ಜನ ಹೊತ್ತು ತಂದು ಹುಲ್ಲಿನ ಮೇಲೆ ಮಲಗಿಸುತ್ತಾರೆ. ಅವಳು ಕಣ್ಣು ಮುಚ್ಚಿಕೊಂಡೇ ಬಿಸಿಲು ಎಲ್ಲಿಂದ ಬರುತ್ತಿದೆಯೆಂದು ಬೆರಳು ಮಾಡಿ ತೋರಿಸುತ್ತಾಳೆ. ಸಂಜೆಯಾಗುತ್ತದೆ. ಎಣ್ಣೆ ಹಾಕುವ ಹೊತ್ತು. ಎಣ್ಣೆಯವಳು ರೂಢಿಯಂತೆ ಎಣ್ಣೆಯ ಕುಡಿಕೆ ಹಿಡಿದು ಎದ್ದು ನಿಲ್ಲುತ್ತಾಳೆ. ಸುತ್ತ ನೋಡುತ್ತಾಳೆ. ಅಲ್ಲಿ ಬಾಗಿಲೇ ಇಲ್ಲ. ಎಲ್ಲಿಯೂ ಇಲ್ಲ. ಕುಡಿಕೆ ಹಿಡಿದ ಕೈ ಏನು ಮಾಡಬೇಕೆಂದು ತಿಳಿಯದೆ ಹಾಗೆಯೇ ನಿಂತಿರುತ್ತದೆ. ತಾಯಿ ಮಲಗಿದಲ್ಲಿಂದಲೇ ಹೇಳುತ್ತಾಳೆ, 'ಇಲ್ಲಿ ಬಾ, ನನ್ನ ಮೊಣಕಾಲಿಗೆ ಹಚ್ಚು.'

ಡಾಕ್ಟರಮ್ಮನ ಧ್ವನಿ ಅಲ್ಲಿ ನಿಂತಿತು. ಅದೇ ಕೊನೆಯ ಸಾಲು.

ಸ್ವಲ್ಪ ಹೊತ್ತಾದ ಮೇಲೆ ಕಂಡಕ್ಟರ್ ಹೇಳಿದ, "ನನಗೆ ಬಾಗಿಲಲ್ಲೇ ಮುಗಿದಿದ್ದು ಇಷ್ಟ. ಆದ್ರೆ ಈ ಅವ್ವನ್ನ ಬಿಟ್ಟುಕೊಡೋಕೂ ಮನಸ್ಸಿಲ್ಲ."

"ನನಗೆ ಇದೇ ಇಷ್ಟ," ಎಂದರು ಡಾಕ್ಟರಮ್ಮ, ಕಣ್ಣು ತಗ್ಗಿಸಿ.

ಮೇಷ್ಟ್ರು ಮೂಗು ಒರೆಸಿಕೊಂಡರು. "ಬೆಟ್ಟಕ್ಕೆ ಒಂದು ಮಾರ್ಕ್ ಕಳೀತೀನಿ. ಮೊಣಕಾಲಿಗೆ ಅದನ್ನೇ ವಾಪಸ್ ಕೊಡ್ತೀನಿ. ಒಟ್ಟು ಅಲ್ಲಿಗಲ್ಲಿಗೆ ಸರಿಹೋಯ್ತು."

"ಬೆಟ್ಟ ನಮ್ಮ ಮನೆಯವಳದ್ದು," ಎಂದರು ಕಾದಂಬರಿಕಾರರು. "ನಾನು ಬಾಗಿಲಲ್ಲೇ ನಿಲ್ಲಿಸಿದ್ದೆ. ಓದಿ ಅವಳು ಕೈಬರಹದ ಹಾಳೆ ಎತ್ತಿ ಬಿಸಾಡಿದಳು. 'ಇಷ್ಟು ದೂರ ಕರ್ಕೊಂಡು ಬಂದು ಹೊಸಿಲಲ್ಲಿ ನಿಲ್ಲಿಸ್ತೀರಾ, ಒಂದಿಷ್ಟು ಬಿಸಿಲು ತೋರಿಸಿ' ಅಂದಳು. ನಮ್ಮದು ಮೂರನೇ ಮಹಡಿ. ಅವಳ ಮೊಣಕಾಲು ಹೋಗಿ ಬಹಳ ದಿನ ಆಯ್ತು, ಕೆಳಗೆ ಇಳಿಯೋಕೆ ಆಗಲ್ಲ. ಊರಿನ ಲಿಫ್ಟೆಲ್ಲ ರಿಪೇರಿ ಮಾಡಿದೋನ ಮನೆಗೆ ಲಿಫ್ಟಿಲ್ಲ, ನೋಡಿ." ನಕ್ಕರು. "ಅವಳು ಹೇಳ್ತಾ ಹೋದಳು, ನಾನು ಬರೀತಾ ಹೋದೆ. ಬೆಟ್ಟ ಉದ್ದ ಆಯ್ತು ಅಂತ ಗೊತ್ತಿತ್ತು. ಕಡಿಮೆ ಮಾಡು ಅಂತ ಅವಳಿಗೆ ಹೇಗೆ ಹೇಳಲಿ?"

ಅವರು ಎದ್ದು ಮೂರನೆಯ ಭಾಗವನ್ನು ಕೈಗೆ ತೆಗೆದುಕೊಂಡರು. ಅಂಗೈ ಮೇಲಿಟ್ಟು ತೂಗಿ ನೋಡಿದರು. ಒಂದೇ ಕೈಯಲ್ಲಿ ಬಿಡಿಸಿದರು, ಮುಚ್ಚಿದರು. ಆಮೇಲೆ ನೇರವಾಗಿ ಹಿಂದಿನ ಕೋಣೆಗೆ ನಡೆದರು. ದೊಡ್ಡಕ್ಕ ಅವರ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತಳು.

ತಮ್ಮ ತಿರುಗಲಿಲ್ಲ.

"ಯಜಮಾನ್ರೇ," ಎಂದರು ಕಾದಂಬರಿಕಾರರು, "ಇದು ಎಷ್ಟು ಹಗುರ ಇದೆ. ನಮ್ಮನೇಲಿರೋದು ಇಟ್ಟಿಗೆ ಹಾಗಿದೆ. ಮಲಗಿಕೊಂಡು ಹಿಡಿದ್ರೆ ಅವಳ ಮಣಿಕಟ್ಟು ನೋಯುತ್ತೆ. ನಾನು ಬರೆದಿದ್ದನ್ನ ನಾನೇ ಅವಳ ಎದುರಿಗೆ ಎತ್ತಿ ಹಿಡ್ಕೊಂಡು ಕೂರ್ಬೇಕು. ಆರನ್ನೂ ತಂದುಕೊಟ್ರೆ ಹೀಗೆ ಮಾಡಿಕೊಡ್ತೀರಾ?"

"ನಾನು ಬಿಟ್ಟೆ ಸ್ವಾಮಿ," ಎಂದ ತಮ್ಮ ಗೋಡೆಗೆ. "ನಮ್ಮಪ್ಪನೂ ಹೀಗೇ ಬಿಟ್ಟಿದ್ದು. ಒಂದು ಫಾರಂ ತಪ್ಪಿದ ಮೇಲೆ."

"ಅವರ ಗಿರಾಕಿ ನಕ್ಕನಂತೆ. ನಾನು ನಕ್ಕಿದ್ದು ಬೇರೆ ಥರ. ಬರೆದು ಮುಗಿಸಿದಾಗಿನಿಂದ ಎಲ್ಲರ ಹತ್ರ ಬೈಸ್ಕೊಂಡು ಬಂದಿದ್ದೀನಿ. ಇವತ್ತು ಮೊದಲ ಸಲ, ನಾನು ಬಯಸಿದ ಮುಕ್ತಾಯಕ್ಕೂ ಓದುಗರು ಸಿಕ್ಕಿದ್ರು, ಅವಳು ಬಯಸಿದ ಮುಕ್ತಾಯಕ್ಕೂ ಸಿಕ್ಕಿದ್ರು. ಯಾವ ಪ್ರೆಸ್ಸಿನೋರೂ ನನಗೆ ಇದನ್ನ ಮಾಡಿಕೊಡ್ತಿರ್ಲಿಲ್ಲ." ಗಿರಾಕಿ ನಕ್ಕ ಸಂಗತಿ ಇವರಿಗೆ ಹೇಗೆ ಗೊತ್ತಾಯಿತೆಂದು ದೊಡ್ಡಕ್ಕ ತಿರುಗಿ ನೋಡಿದಳು. ಡಾಕ್ಟರಮ್ಮ ಮುಖ ಆಚೆ ಮಾಡಿದರು. ಓದಿನ ನಂತರದ ಆ ಸದ್ದಿಲ್ಲದ ಹೊತ್ತಿನಲ್ಲೇ ಅವರ ಕಿವಿಯಲ್ಲಿ ಹೇಳಿಬಿಟ್ಟಿದ್ದರು. ಕಾದಂಬರಿಕಾರರು ಮಾತು ಮುಂದುವರಿಸಿದರು: "ಆ ಫಾರಂ ವಾಪಸ್ ಅಲ್ಲೇ ಸೇರಿಸಬೇಡಿ. ಅದನ್ನೇ ಬೇರೆ ಪುಸ್ತಕ ಮಾಡಿ. ಬಾಗಿಲಲ್ಲಿ ನಿಲ್ಲೋರು ನಿಲ್ಲಲಿ, 'ಹೊರಗೆ ಏನಿತ್ತು' ಅಂತ ಕೇಳ್ಕೊಂಡು ಬಂದೋರಿಗೆ ಅಕ್ಕ ಇದನ್ನ ಕೊಡ್ಲಿ."

ತಮ್ಮನ ಹೆಬ್ಬೆರಳು ತೊಡೆಯ ಮೇಲೆ, ಇಲ್ಲದ ಯಾವುದೋ ಮಡಿಕೆಯನ್ನು ಸವರುತ್ತಿತ್ತು. ಕೊನೆಗೆ ಕೇಳಿದ:

"ಮನೆಯೋರ ಆರನೇ ಪುಸ್ತಕ ಎಷ್ಟು ಭಾಗ ಆಗ್ಬೇಕು? ಮೂರಾ, ನಾಲ್ಕಾ?"

ದೊಡ್ಡಕ್ಕ ಬಾಗಿಲ ಚೌಕಟ್ಟಿಗೆ ಒರಗಿಕೊಂಡಳು. ಗೋಡೆ ನೋಡುವವನು ಕೇಳುವ ಪ್ರಶ್ನೆಯಲ್ಲ ಅದು.

"ನಾಲ್ಕು. ನಾಲ್ಕನೇದು ಇಷ್ಟೇ ತೆಳ್ಳಗೆ," ಎಂದರು ಕಾದಂಬರಿಕಾರರು, ಫಾರಂ ತೋರಿಸಿ.

"ಕಣ್ಣಿಗೆ ನನ್ನ ಗೆಳತಿ ಹತ್ರ ಕರ್ಕೊಂಡು ಹೋಗ್ತೀನಿ," ಎಂದರು ಡಾಕ್ಟರಮ್ಮ ಹಿಂದಿನಿಂದ. "ಪೊರೆ ಬಂದಿರುತ್ತೆ, ಅಷ್ಟೇ. ಬೆಳಿಗ್ಗೆ ಹೋದ್ರೆ ಮಧ್ಯಾಹ್ನ ಮನೇಲಿ. ಗೊತ್ತೇ ಆಗಲ್ಲ."

"ಹಲ್ಲು ಕೀಳೋವಾಗಲೂ ಹೀಗೇ ಅಂದಿದ್ರಿ ನೀವು," ಎಂದು ತಮ್ಮ ಗೊಣಗಿದ. ಆದರೆ ಸ್ಟೂಲನ್ನು ಬೆಂಚಿನ ಕಡೆ ತಿರುಗಿಸಿದ. ಫಾರಂಗಾಗಿ ಕೈ ಚಾಚಿದ. ಉಂಡೆಯಿಂದ ಸೂಜಿ ಎಳೆದ. ಬುಡದವರೆಗೆ ಚುಚ್ಚಿದ್ದರಿಂದ ಎರಡು ಸಲ ಎಳೆಯಬೇಕಾಯಿತು. ದಾರ ತೆಗೆದುಕೊಂಡ. ತುದಿಯನ್ನು ನಾಲಿಗೆಗೆ ಒತ್ತಿದ. ಒಮ್ಮೆ ತಪ್ಪಿತು, ಇನ್ನೊಮ್ಮೆ ತಪ್ಪಿತು. ಈ ಸಲ ಅವನು ಕಿಟಕಿಗೆ ಬೆನ್ನು ಮಾಡಲಿಲ್ಲ. ಎಲ್ಲರೆದುರಿಗೂ ಸೂಜಿ ಮತ್ತು ದಾರವನ್ನು ಮುಂದಕ್ಕೆ ಹಿಡಿದು, "ಯಾರಾದ್ರೂ ಪೋಣಿಸಿಕೊಡಿ," ಎಂದ.

ದೊಡ್ಡಕ್ಕ ಮುಂದೆ ಬರುವಷ್ಟರಲ್ಲಿ ಮೇಷ್ಟ್ರು ತೆಗೆದುಕೊಂಡಾಗಿತ್ತು. ಒಂದೇ ಸಲಕ್ಕೆ ಪೋಣಿಸಿ, ಗಂಟು ಹಾಕಿ ಕೊಟ್ಟರು.

"ದಾರ ಸಡಿಲ ಬಿಡ್ಬೇಡ," ಎಂದರು.

"ಸಡಿಲ ಇರೋದು ನಿಮ್ಮ ಹಲ್ಲು," ಎಂದ ತಮ್ಮ.

ಮುಂದಿನ ಕೋಣೆಯಲ್ಲಿ ಕಂಡಕ್ಟರ್ ಎಲ್ಲಿಂದಲೋ ಹೊಲಿಗೆ ಯಂತ್ರದ ಎಣ್ಣೆ ತಂದು ಬಾಗಿಲಿಗೆ ಬಿಡುತ್ತಿದ್ದ; ಕಾದಂಬರಿಕಾರರು ಪಕ್ಕದಲ್ಲಿ ನಿಂತು ಎಲ್ಲಿ ಎಷ್ಟು ಹನಿ ಎಂದು ಹೇಳುತ್ತಿದ್ದರು. ಓದುಗರು ಒಬ್ಬೊಬ್ಬರಾಗಿ ಕೈಮುಗಿದು, ಕೊನೆ ಯಾವುದು ಚೆಂದವೆಂದು ವಾದಿಸುತ್ತಲೇ ಬೀದಿಗಿಳಿದರು. ತಮ್ಮ ಹೊಲಿಯುತ್ತಲೇ ಇದ್ದ. ಕಣ್ಣು ಮುಚ್ಚಿಕೊಂಡು, ಬೆರಳಲ್ಲಿ ತೂತು ಹುಡುಕಿ, ನಿಧಾನವಾಗಿ. ಊಟದ ಹೊತ್ತಾದದ್ದು ಅವನಿಗೆ ತಿಳಿಯಲಿಲ್ಲ. ಏಳಿಸಿದರೆ ಮತ್ತೆ ಎಲ್ಲಿ ಆ ಸ್ಟೂಲು ಗೋಡೆಗೆ ತಿರುಗುತ್ತದೋ ಎಂದು ದೊಡ್ಡಕ್ಕ ಕರೆಯಲಿಲ್ಲ.

ಮೇಷ್ಟ್ರು ತಾವು ಕೂರುವ ಮೂಲೆಯಲ್ಲಿ ಡಬ್ಬಿ ಬಿಚ್ಚಿದರು. ಅನ್ನ, ಮೇಲೊಂದು ಬೇಯಿಸಿದ ಮೊಟ್ಟೆ. ಚಮಚ ಎತ್ತಿದರು. ಒಳಗಿನ ಕೋಣೆಯ ಕಡೆ ನೋಡಿದರು. ಆಮೇಲೆ ಚಮಚವನ್ನು ಡಬ್ಬಿಯ ಮೇಲೆ ಅಡ್ಡಲಾಗಿಟ್ಟು, ಡಬ್ಬಿಯನ್ನು ಎತ್ತಿಕೊಂಡು ಹೋಗಿ, ಬೆಂಚಿನ ತುದಿಯಲ್ಲಿ, ಒಂದು ಕಾಲಕ್ಕೆ ಎರಡು ಬಟ್ಟಲು ಇರುತ್ತಿದ್ದ ಜಾಗದಲ್ಲಿ, ಚಮಚದ ಹಿಡಿ ತಮ್ಮನ ಕಡೆಗೆ ಬರುವಂತೆ ಅದನ್ನು ಇಟ್ಟು, ಹಿಂತಿರುಗಿ ಬಂದು ಪುಸ್ತಕ ಬಿಡಿಸಿದರು.